ಅಪ್‌ಡೇಟ್: ತಾಮ್ರ ಹಾಕಿದ ಮೇಲೆ ಒಂದೇ ಚುಕ್ಕೆ

ಬೆಂಜೈಲ್ ಅಜೈಡ್ ಮತ್ತು ಫಿನೈಲ್ ಅಸಿಟಲೀನ್ ಬಿಸಿ ಮಾಡಿದರೆ 1,4 ಮತ್ತು 1,5 ಎರಡೂ ಟ್ರೈಅಜೋಲ್ (ಮೂರು ನೈಟ್ರೋಜನ್ ಇರುವ ಐದು ಪರಮಾಣುಗಳ ಉಂಗುರ; ಅಂಕಿಗಳು ಅದರ ಮೇಲೆ ಗುಂಪುಗಳು ಕೂತ ಜಾಗ) ಬರುತ್ತಿವೆ, 1,4 ಒಂದನ್ನೇ ಪಡೆಯೋದು ಹೇಗೆ ಅಂತ ಕೇಳಿದ್ದೆ. ತಾಮ್ರ ಹಾಕಿ ಅಂದವರಿಗೆಲ್ಲ ದಾವಣಗೆರೆಯಿಂದ ತುಂಬಾ ಥ್ಯಾಂಕ್ಸ್. ಕೆಲಸ ಆಯ್ತು!

ನೀರು, ಟರ್ಟ್-ಬ್ಯುಟನಾಲ್ ಸಮಸಮ ತಗೊಂಡೆ. ಅದಕ್ಕೆ 1 ಮೋಲ್ ಪರ್ಸೆಂಟ್ (ನೂರು ಅಣುವಿಗೆ ಒಂದರಂತೆ) ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಚನ್ನಗಿರಿ ಕಡೆ ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಹಾಕ್ತಾರಲ್ವಾ, ಅದೇ. ನನ್ನದು ಲ್ಯಾಬ್ ಗ್ರೇಡ್, ಅಷ್ಟೇ. ಸೋಡಿಯಂ ಆಸ್ಕಾರ್ಬೇಟ್ (ವಿಟಮಿನ್ ಸಿಯ ಲವಣ) ಬೀಳುತ್ತಿದ್ದಂತೆ ನೀಲಿ ಮಾಸಿ ಹಳದಿ ಆಯ್ತು. ಎರಡು ಧನ ಆವೇಶದ ತಾಮ್ರ(2), ಒಂದೇ ಧನ ಆವೇಶದ ತಾಮ್ರ(1) ಆಗುವ ಹೊತ್ತು ಅದು. ನಿಜವಾದ ಕೆಲಸಗಾರ ಈ ತಾಮ್ರ(1). ಆಲ್ಕೈನ್ (ಇಲ್ಲಿ ಫಿನೈಲ್ ಅಸಿಟಲೀನ್) ತುದಿಯ ಹೈಡ್ರೋಜನ್ ಜಾಗದಲ್ಲಿ ಕೂತು, ಅಜೈಡ್ ಒಂದೇ ದಿಕ್ಕಿನಿಂದ ಸೇರುವಂತೆ ಮಾಡುತ್ತದೆ. ಬಿಸಿ ಬೇಕಾಗಲೇ ಇಲ್ಲ. ರಾತ್ರಿಯಿಡೀ ಸ್ಟರ್ ಮಾಡಿದೆ, ಬೆಳಿಗ್ಗೆ ಪುಡಿ ತಳಕ್ಕೆ ಕೂತಿತ್ತು. ಟಿಎಲ್‌ಸಿಯಲ್ಲಿ (ಮಿಶ್ರಣದ ವಸ್ತುಗಳನ್ನು ಬೇರೆ ಬೇರೆ ಚುಕ್ಕೆಗಳಾಗಿ ತೋರಿಸುವ ಪರೀಕ್ಷೆ) ಒಂದೇ ಚುಕ್ಕೆ!

ಈ ತಾಮ್ರದ ವಿಧಾನವನ್ನು 2002ರಲ್ಲಿ ರಸಾಯನ ವಿಜ್ಞಾನಿಗಳಾದ ಮೆಲ್ಡಾಲ್ ಮತ್ತು ಶಾರ್ಪ್‌ಲೆಸ್ ಅವರ ಗುಂಪುಗಳು ಬೇರೆ ಬೇರೆಯಾಗಿ ಕಂಡುಕೊಂಡವು. 2022ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲಿತ್ತು.

ಮಾಡುವವರು ಗಮನಿಸಿ: ಪುಡಿಯನ್ನು ತೆಳು ಅಮೋನಿಯಾದಲ್ಲಿ ತೊಳೆಯಿರಿ, ಉಳಿದ ತಾಮ್ರ ನೀಲಿಯಾಗಿ ಹೊರಬರುತ್ತದೆ. ಬೆಂಜೈಲ್ ಅಜೈಡ್ ಮಾಡಲು ಬಳಸುವ ಸೋಡಿಯಂ ಅಜೈಡ್ ಇರುವ ಕಡೆ ಡೈಕ್ಲೋರೋಮೀಥೇನ್ ದ್ರಾವಕ ಬೇಡವೇ ಬೇಡ, ಸಿಡಿಯುವ ವಸ್ತು ಹುಟ್ಟುತ್ತದೆ.