ಮೀಟಿಂಗ್‌ನಲ್ಲಿ ಸ್ವರ ನಡುಗುತ್ತದೆ, ಫೋನ್‌ನಲ್ಲಿ ಮಾತು ಸೋಲುತ್ತದೆ. ಈ ಸೈಕಾಲಜಿ ಟ್ರಿಕ್‌ಗಳಲ್ಲಿ ನಿಜವಾಗಿ ಕೆಲಸ ಮಾಡುವುದು ಯಾವುದು?

ಬ್ರಹ್ಮಗಿರಿ_ಲೆಕ್ಕ:

ಎಲ್ಲರಿಗೂ ನಮಸ್ಕಾರ. ಉಡುಪಿಯ ಒಂದು ಸಹಕಾರಿ ಸಂಘದಲ್ಲಿ ಕೆಲಸಕ್ಕೆ ಸೇರಿ ಎರಡೂವರೆ ವರ್ಷ ಆಯಿತು. ಲೆಕ್ಕದಲ್ಲಿ ತೊಂದರೆ ಇಲ್ಲ, ತೊಂದರೆ ಎಲ್ಲ ಬಾಯಿ ಬಿಡುವಾಗ. ಪ್ರತಿ ತಿಂಗಳ ಮೀಟಿಂಗ್‌ನಲ್ಲಿ ಸಾಲದ ಬಾಕಿ ಪಟ್ಟಿಯನ್ನು ನಾನೇ ಎದ್ದು ನಿಂತು ಹೇಳಬೇಕು. ಕಳೆದ ಸಲ ಕೈಯಲ್ಲಿದ್ದ ಕಾಗದ ಎಷ್ಟು ನಡುಗಿತೆಂದರೆ ಅದರ ಪರಪರ ಸದ್ದು ನನಗೇ ಕೇಳುತ್ತಿತ್ತು, ಆಮೇಲೆ ಏನು ಓದಿದೆ ಅಂತಲೇ ನೆನಪಿಲ್ಲ. ಮನೆಯಲ್ಲಿ ತುಳು, ಆಫೀಸಿನಲ್ಲಿ ಕನ್ನಡ. ನಾನು ಮಾತಾಡಿದರೆ ಪುಸ್ತಕ ಓದಿದ ಹಾಗೆ ಕೇಳುತ್ತದೆ ಅಂತ ಬೇರೆ ಅಂಜಿಕೆ.

ಇನ್ನೊಂದು, ಕಂತು ಕಟ್ಟದವರಿಗೆ ಫೋನ್ ಮಾಡುವ ಕೆಲಸ. ನಾನು "ತೊಂದರೆ ಕೊಟ್ಟೆ, ಬೇಜಾರು ಮಾಡ್ಕೊಳ್ಬೇಡಿ" ಅಂತ ಶುರು ಮಾಡುತ್ತೇನೆ, ಅವರು "ನೋಡುವ" ಅಂತ ಹೇಳಿ ಇಡುತ್ತಾರೆ. ಅಲ್ಲಿಗೆ ಮುಗಿಯಿತು.

ರೀಲ್ಸ್‌ನಲ್ಲಿ ದಿನಾ ಒಂದೊಂದು ಟ್ರಿಕ್ ಬರುತ್ತದೆ. ಸೊಂಟದ ಮೇಲೆ ಕೈ ಇಟ್ಟು ಎರಡು ನಿಮಿಷ ನಿಲ್ಲಿ, ಮಾತಿನಲ್ಲಿ 93% ದೇಹದ ಭಾಷೆ ಮತ್ತು ಸ್ವರವೇ, ಎದುರಿನವರ ಹೆಸರನ್ನು ಮತ್ತೆ ಮತ್ತೆ ಹೇಳಿ ಅಂತೆಲ್ಲ. ಇದರಲ್ಲಿ ಯಾವುದನ್ನು ನಂಬುವುದು? ಪ್ರಯೋಗ ಮಾಡಿ ನೋಡಿದವರು ದಯವಿಟ್ಟು ಹೇಳಿ.

ಕಂಕನಾಡಿ_ಮೇಷ್ಟ್ರು:

ನಾನು ಮಂಗಳೂರಿನ ಒಂದು ಕಾಲೇಜಿನಲ್ಲಿ ಮನಃಶಾಸ್ತ್ರ ಪಾಠ ಮಾಡುತ್ತೇನೆ. ಮೊದಲು ಬಿಡಬೇಕಾದದ್ದನ್ನು ಹೇಳುತ್ತೇನೆ.

ಸೊಂಟದ ಮೇಲೆ ಕೈ ಇಡುವ ವಿಷಯ 2010ರ ಒಂದು ಅಮೆರಿಕನ್ ಅಧ್ಯಯನದಿಂದ ಬಂದದ್ದು. ಹಾಗೆ ನಿಂತರೆ ಹಾರ್ಮೋನ್ ಬದಲಾಗುತ್ತದೆ ಅಂತ ಅದು ಹೇಳಿತ್ತು, ಆದರೆ ಅದರಲ್ಲಿ ಇದ್ದದ್ದು 42 ಜನ ಮಾತ್ರ. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನ್ ಬದಲಾಗುತ್ತದೆ ಎಂಬುದು ಕಾಣಿಸಲಿಲ್ಲ. ಮೊದಲ ಅಧ್ಯಯನ ಬರೆದವರಲ್ಲಿ ಒಬ್ಬರಾದ ಡಾನಾ ಕಾರ್ನಿ ಅವರೇ 2016ರಲ್ಲಿ, ಈ ಪರಿಣಾಮ ನಿಜ ಅಂತ ತಾನು ನಂಬುವುದಿಲ್ಲ ಎಂದು ಬರೆದರು. ಹಾಗೆ ನಿಂತರೆ ನಷ್ಟ ಇಲ್ಲ, ಆದರೆ ಅದರ ಮೇಲೆ ಭಾರ ಹಾಕಬೇಡಿ. 93% ಲೆಕ್ಕವೂ ಅಷ್ಟೇ. ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ನೋಡಿದ್ದು, ಒಬ್ಬರಿಗೆ ಇನ್ನೊಬ್ಬರು ಇಷ್ಟವೋ ಅಲ್ಲವೋ ಅಂತ ಸ್ವರದಿಂದ, ಮುಖದಿಂದ ಹೇಗೆ ಗೊತ್ತಾಗುತ್ತದೆ ಎಂಬುದನ್ನು. ಬಾಕಿ ಪಟ್ಟಿ ಕೇಳಲು ಕೂತವರಿಗೆ ಬೇಕಾದದ್ದು ಅಂಕೆ.

ಈಗ ನಿಮಗೆ ಬೇಕಾದ ವಿಷಯ. ನಿಮ್ಮ ಒಳಗಿನ ನಡುಕ ಹೊರಗಿನವರಿಗೆ ನೀವು ಅಂದುಕೊಂಡಷ್ಟು ಕಾಣುವುದಿಲ್ಲ. ಇದು ಸಮಾಧಾನದ ಮಾತಲ್ಲ, ಅಳೆದು ನೋಡಿದ್ದು. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ವಿದ್ಯಾರ್ಥಿಗಳಿಂದ ಭಾಷಣ ಮಾಡಿಸಿದರು. ಭಾಷಣ ಮಾಡಿದವರು ತಮ್ಮ ಹೆದರಿಕೆ ಎಲ್ಲರಿಗೂ ಕಂಡಿತು ಅಂದುಕೊಂಡಿದ್ದರು, ಕೇಳಿದವರಿಗೆ ಅಷ್ಟು ಕಂಡಿರಲಿಲ್ಲ. ನನಗೆ ತುಂಬ ಹಿಡಿಸಿದ್ದು ಮುಂದಿನ ಭಾಗ. ಇನ್ನೊಂದು ಗುಂಪಿಗೆ ಈ ವಿಷಯವನ್ನು ಮೊದಲೇ ತಿಳಿಸಿ ಭಾಷಣಕ್ಕೆ ನಿಲ್ಲಿಸಿದರು, ಅವರು ನಿಜವಾಗಿಯೂ ಚೆನ್ನಾಗಿ ಮಾತಾಡಿದರು. ಅಂದರೆ ಇದನ್ನು ಓದಿದ್ದರಿಂದಲೇ ನಿಮಗೆ ಅರ್ಧ ಮದ್ದು ಸಿಕ್ಕಿದೆ.

ಕಾಗದಕ್ಕೆ ಸುಲಭದ ಉಪಾಯ ಉಂಟು. ಮಕ್ಕಳು ಪರೀಕ್ಷೆಗೆ ಒಯ್ಯುವ ಪ್ಯಾಡ್‌ಗೆ ಕ್ಲಿಪ್ ಮಾಡಿ ಹಿಡಿಯಿರಿ. ಕೈ ನಡುಗಿದರೂ ಸದ್ದು ಬರುವುದಿಲ್ಲ. ಸದ್ದು ಇಲ್ಲದಿದ್ದರೆ ನಿಮ್ಮ ಗಮನ ಕೈಗೆ ಹೋಗುವುದಿಲ್ಲ.

ಪಿಗ್ಮಿ_ಪುಸ್ತಕ:

ಮೇಷ್ಟ್ರು ಹೇಳಿದ್ದು ಸರಿ. ನಾನು ಓದಿದವನಲ್ಲ, ಆದರೆ 18 ವರ್ಷದಿಂದ ಪಿಗ್ಮಿ, ಅಂದರೆ ದಿನದ ಸಣ್ಣ ಉಳಿತಾಯದ ಹಣ, ಸಂಗ್ರಹ ಮಾಡುತ್ತಿದ್ದೇನೆ. ಈ ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಮನೆ ಮನೆಗೆ ಹೋಗಿ ದಿನಕ್ಕೆ ಎರಡಾಣೆ ತೆಗೆದುಕೊಂಡು ಶುರುವಾದದ್ದು. ದಿನಾ ಅದೇ ಅಂಗಡಿ, ಅದೇ ಮುಖ. ಒಂದು ದಿನ ಮಾತು ಕೆಟ್ಟರೆ ಮರುದಿನವೂ ಅವರ ಎದುರೇ ನಿಲ್ಲಬೇಕಲ್ವಾ, ಹಾಗಾಗಿ ಈ ಕೆಲಸದಲ್ಲಿ ಮೋಸದ ಟ್ರಿಕ್ ನಡೆಯುವುದಿಲ್ಲ.

ಮೊದಲನೆಯದು, "ಬೇಜಾರು ಮಾಡ್ಕೊಳ್ಬೇಡಿ" ಅಂತ ಶುರು ಮಾಡಬೇಡಿ. ನೀವೇ ತಪ್ಪು ಮಾಡಿದ ಹಾಗೆ ಆಗುತ್ತದೆ. ಹೆಸರನ್ನು ಪದೇ ಪದೇ ಹೇಳುವುದೂ ಬೇಡ. ನಮ್ಮ ಕಡೆ ಪ್ರಾಯ ಆದವರನ್ನು ಬರೀ ಹೆಸರಿನಿಂದ ಕರೆದರೆ ಅವರಿಗೆ ಹತ್ತಿರ ಆಗುವುದಿಲ್ಲ, ದೂರ ಆಗುತ್ತೀರಿ. ಅಣ್ಣ, ಅಕ್ಕ ಅಂತ ಒಂದು ಸಲ ಕರೆದರೆ ಸಾಕು.

ಎರಡನೆಯದು, ಹೋದ ಸಲ ಅವರು ಹೇಳಿದ ಒಂದು ಮಾತನ್ನು ನೆನಪಿಟ್ಟು ಕೇಳುವುದು. ನನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ, "ಮಗಳಿಗೆ ಪಿಯುಸಿ ಪರೀಕ್ಷೆ", "ಅಮ್ಮನ ಮೊಣಗಂಟು" ಅಂತ. ಸುಮ್ನೆ ಕೇಳುವುದಲ್ಲ, ಉತ್ತರ ಬರುವವರೆಗೆ ನಿಂತು ಕೇಳಬೇಕು. ಬೋಟಿನಲ್ಲಿ ದುಡಿಯುವವರಿಗೆ ಫೋನ್ ಮಾಡುವಾಗ ಕ್ಯಾಲೆಂಡರ್ ನೋಡಿ. ಜೂನ್, ಜುಲೈ ಯಾಂತ್ರಿಕ ಬೋಟ್ ಕಡಲಿಗೆ ಇಳಿಯುವಂತಿಲ್ಲ. ಆಗ "ಯಾಕೆ ಕಟ್ಟಲಿಲ್ಲ" ಅಂತ ಕೇಳಿದರೆ ಇವರಿಗೆ ನಮ್ಮ ಕಷ್ಟ ಗೊತ್ತೇ ಇಲ್ಲ ಅಂತ ಅವರು ತೀರ್ಮಾನ ಮಾಡಿಬಿಡುತ್ತಾರೆ. ಆಮೇಲೆ ಎಷ್ಟು ನಯವಾಗಿ ಮಾತಾಡಿದರೂ ಪ್ರಯೋಜನ ಇಲ್ಲ.

ಮೂರನೆಯದು ದೊಡ್ಡದು. "ನೋಡುವ" ಅಂದಾಗ "ಆಯ್ತು" ಅನ್ನಬೇಡಿ. "ಆಯ್ತಣ್ಣ, ಯಾವ ದಿನ ಅನುಕೂಲ?" ಅಂತ ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿ. ಆ ಮೌನ ಇಬ್ಬರಿಗೂ ಕಷ್ಟ. ನೀವು ಅದನ್ನು ತುಂಬಿಸಲು ಹೋದರೆ "ಇಲ್ಲಾಂದ್ರೆ ಮುಂದಿನ ತಿಂಗಳು ಕೊಟ್ರೂ ಆದೀತು" ಅಂತ ನಿಮ್ಮ ಬಾಯಿಂದಲೇ ಬರುತ್ತದೆ. ನನಗೂ ಎಷ್ಟೋ ಸಲ ಬಂದಿದೆ.

ಯಾರಾದರೂ ಬೆಲ್ಲ ನೀರು ಕೊಟ್ಟರೆ ಬೇಡ ಅನ್ನಬೇಡಿ, ಕೂತು ಕುಡಿಯಿರಿ. ಅದು ಏಕೆ ಅಂತ ನನಗೆ ವಿವರಿಸಲು ಬರುವುದಿಲ್ಲ, ಆದರೆ ಅದರ ಮೇಲೆ ಮಾತಿನ ದಾರಿಯೇ ಬೇರೆ.

ಕಂಕನಾಡಿ_ಮೇಷ್ಟ್ರು:

@ಪಿಗ್ಮಿ_ಪುಸ್ತಕ, ಅದಕ್ಕೆ ನಮ್ಮಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಪರಿಣಾಮ ಅನ್ನುತ್ತಾರೆ. ನಮಗೆ ಒಂದು ಸಣ್ಣ ಉಪಕಾರ ಮಾಡಿದವರಿಗೆ ನಮ್ಮ ಮೇಲೆ ಒಲವು ಜಾಸ್ತಿ ಆಗುತ್ತದೆ. 1969ರಲ್ಲಿ ಜೆಕರ್ ಮತ್ತು ಲ್ಯಾಂಡಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದಾರೆ.

ಇನ್ನೊಂದು ಸೇರಿಸುತ್ತೇನೆ, ಕಾರಣ ಹೇಳುವುದು. 1978ರಲ್ಲಿ ಪ್ರಕಟವಾದ ಎಲೆನ್ ಲ್ಯಾಂಗರ್ ಅವರ ಪ್ರಯೋಗದಲ್ಲಿ, ಝೆರಾಕ್ಸ್ ಮೆಷಿನ್‌ನಲ್ಲಿ ಐದು ಪುಟಕ್ಕೆ ಮೊದಲು ಜಾಗ ಬಿಡಿ ಅಂತ ಸುಮ್ನೆ ಕೇಳಿದಾಗ 60% ಜನ ಬಿಟ್ಟರು, ಅವಸರ ಇದೆ ಅಂತ ಕಾರಣ ಹೇಳಿದಾಗ 94%. "ಕಾಪಿ ತೆಗೀಬೇಕು, ಅದಕ್ಕೆ" ಅನ್ನುವ ಟೊಳ್ಳು ಕಾರಣಕ್ಕೂ 93% ಬಿಟ್ಟರು. ರೀಲ್ಸ್ ಇಲ್ಲಿಗೆ ನಿಲ್ಲಿಸುತ್ತದೆ. ಆದರೆ 20 ಪುಟ ಕೇಳಿದಾಗ ಟೊಳ್ಳು ಕಾರಣದಿಂದ ಏನೂ ಲಾಭ ಆಗಲಿಲ್ಲ, 24% ಇದ್ದದ್ದು 24% ಆಗಿಯೇ ಉಳಿಯಿತು. ನಿಜವಾದ ಕಾರಣಕ್ಕೆ ಮಾತ್ರ 42% ಒಪ್ಪಿದರು. ಕಂತು ಅಂದರೆ 20 ಪುಟದ ಲೆಕ್ಕ. "25ರ ಒಳಗೆ ಕಟ್ಟಿದರೆ ದಂಡಬಡ್ಡಿ ಬೀಳುವುದಿಲ್ಲ" ಅನ್ನುವಂಥ, ಅವರಿಗೆ ಬೇಕಾದ ಕಾರಣವೇ ಇರಬೇಕು. ಅದೂ ನಿಮ್ಮ ಸಂಘದ ನಿಯಮ ಹಾಗೆ ಇದ್ದರೆ ಮಾತ್ರ.

ಮದ್ದಳೆ_ಸದ್ದು:

ತಾಳಮದ್ದಳೆ ಕೇಳುತ್ತೀರಾ? ನಾನು ಹವ್ಯಾಸಕ್ಕೆ ಅರ್ಥ ಹೇಳುತ್ತೇನೆ, ಅಂದರೆ ಯಕ್ಷಗಾನದ ಪದ್ಯಕ್ಕೆ ಕೂತಲ್ಲೇ ಮಾತು ಕಟ್ಟುತ್ತೇನೆ. ವೇಷ ಇಲ್ಲ, ಕುಣಿತ ಇಲ್ಲ, ಬರೆದ ಮಾತೂ ಇಲ್ಲ. ಭಾಗವತರು ಪದ್ಯ ಹೇಳಿ ಮುಗಿಸಿದ ಕೂಡಲೇ ನಮ್ಮ ಮಾತು ಶುರುವಾಗಬೇಕು. ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾನೆ ಅಂತ ಗೊತ್ತಿರುವುದಿಲ್ಲ.

ನಾನು ಕಲಿತದ್ದು ಎರಡು. ಮೊದಲ ವಾಕ್ಯ ಒಂದನ್ನು ಬಾಯಿಪಾಠ ಮಾಡಿಕೊಂಡಿರಬೇಕು, ಅದನ್ನು ನಿಧಾನವಾಗಿ, ಸ್ವಲ್ಪ ತಗ್ಗಿನ ಸ್ವರದಲ್ಲಿ ಹೇಳಬೇಕು. ಮೊದಲ ವಾಕ್ಯ ಏರಿದರೆ ಉಸಿರು ಇಳಿಯುವುದಿಲ್ಲ. ಇನ್ನೊಂದು, ಎದುರಿನವರು ಮಾತಾಡುವಾಗ ನನ್ನ ಉತ್ತರ ಜೋಡಿಸುತ್ತಾ ಕೂತರೆ ಸೋತೆ ಅಂತಲೇ. ಅವರ ಕೊನೆಯ ಮಾತನ್ನು ಹಿಡಿದು ಅಲ್ಲಿಂದಲೇ ಶುರು ಮಾಡಿದರೆ ಯೋಚನೆಗೆ ಸಮಯವೂ ಸಿಗುತ್ತದೆ, ಅವರಿಗೂ ನಾನು ಕೇಳಿದ್ದೇನೆ ಅಂತ ಗೊತ್ತಾಗುತ್ತದೆ.

ಪುಸ್ತಕದ ಕನ್ನಡ ಅಂತ ಅಂಜಬೇಡಿ. ತುಳು ಮನೆಮಾತಿನ ನಮ್ಮ ಕನ್ನಡ ಇರುವುದೇ ಹಾಗೆ, ಮಾರಾಯ್ರೆ. ಅಂಥದ್ದೇ ಕನ್ನಡದಲ್ಲಿ ನಮ್ಮವರು ರಾತ್ರಿಯಿಡೀ ಜನರನ್ನು ಕೂರಿಸುತ್ತಾರೆ.

ಬ್ರಹ್ಮಗಿರಿ_ಲೆಕ್ಕ:

ಎಲ್ಲರಿಗೂ ತುಂಬ ಧನ್ಯವಾದ. ಮೀಟಿಂಗ್ ನಿನ್ನೆ ಆಯಿತು. ತಂಗಿಯ ಪರೀಕ್ಷೆ ಪ್ಯಾಡ್ ಒಯ್ದಿದ್ದೆ. "ಈ ತಿಂಗಳು ಬಾಕಿ ಇರುವವರು 31 ಜನ, ಹೋದ ತಿಂಗಳಿಗಿಂತ ನಾಲ್ಕು ಕಡಿಮೆ" ಎಂಬ ಒಂದು ವಾಕ್ಯವನ್ನು ಬಸ್ಸಿನಲ್ಲಿ ಹತ್ತಿಪ್ಪತ್ತು ಸಲ ಹೇಳಿಕೊಂಡಿದ್ದೆ. ಕೈ ನಡುಗಿತು, ಸ್ವರ ಅಷ್ಟು ನಡುಗಲಿಲ್ಲ. ಆಮೇಲೆ ಪಕ್ಕದ ಮೇಜಿನ ಅಕ್ಕನ ಹತ್ತಿರ ಕೇಳಿದೆ, ನನ್ನ ಕೈ ನಡುಗಿದ್ದು ಕಂಡಿತಾ ಅಂತ. "ಯಾವಾಗ?" ಅಂದರು.

ಇವತ್ತು ಬೆಳಿಗ್ಗೆ ಮಲ್ಪೆಯ ಒಬ್ಬರಿಗೆ ಫೋನ್ ಮಾಡಿದೆ. ಮೊದಲು ಬೋಟ್ ರಿಪೇರಿ ಎಲ್ಲಿಗೆ ಬಂತು ಅಂತ ಕೇಳಿದೆ, ಹೋದ ಸಲ ಅವರೇ ಹೇಳಿದ್ದರು. ಐದು ನಿಮಿಷ ಎಂಜಿನ್ ಕಥೆ ಹೇಳಿದರು. ಕಂತಿನ ಮಾತು ಬಂದಾಗ ಮತ್ತೆ "ನೋಡುವ" ಅಂದರು. ಯಾವ ದಿನ ಅನುಕೂಲ ಅಂತ ಕೇಳಿ ಸುಮ್ಮನಾದೆ. ಆ ಕಡೆ ಕಾಗೆ ಕೂಗುವುದು ಕೇಳುತ್ತಿತ್ತು. ತುಂಬ ಹೊತ್ತಿನ ಮೇಲೆ, "ಗುರುವಾರ ಬರ್ತೇನೆ, ಅರ್ಧ ಕಟ್ಟಿದ್ರೆ ಆಗ್ತದಾ?" ಅಂದರು. ಮ್ಯಾನೇಜರ್ ಹತ್ತಿರ ಕೇಳಿ ಹೇಳುತ್ತೇನೆ ಅಂದಿದ್ದೇನೆ, ಈಗ ಅವರ ಕೋಣೆಗೆ ಹೋಗಬೇಕು.