ಹಾರುವ ಓತಿಗಳನ್ನು ಉಳಿಸಿಕೊಳ್ಳಬೇಕು, ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ ನಾನು. ನಮ್ಮ ತೋಟದಲ್ಲಿ ಹಾರುವ ಓತಿಗಳಿವೆ. ಬಿಸಿಲೇರಿದ ಮೇಲೆ ಗಂಡು ಓತಿ ಗಂಟಲ ಹಳದಿ ಚೀಲ ಬಿಚ್ಚಿ ಮುಚ್ಚಿ ಮಾಡುತ್ತದೆ. ಆಮೇಲೆ ಪಕ್ಕೆಲುಬು ಅಗಲಿಸಿ ಮರದಿಂದ ಮರಕ್ಕೆ ತೇಲಿಬಿಡುತ್ತದೆ. ಎಷ್ಟು ಸಲ ನೋಡಿದರೂ ಕೆಲಸ ಮರೆತು ನಿಂತುಬಿಡುತ್ತೇನೆ.

ಈ ವರ್ಷ ಕಡಿಮೆ ಕಾಣುತ್ತಿವೆ. ಪಕ್ಕದ ತೋಟದ ಹಳೇ ಮರಗಳನ್ನೆಲ್ಲ ಒಟ್ಟಿಗೆ ಕಡಿದರು. ನಡುವೆ ದೊಡ್ಡ ಬಯಲಾಗಿದೆ. ಅಷ್ಟು ದೂರ ತೇಲಲಾಗದೆ ನೆಲಕ್ಕಿಳಿದರೆ ಬೆಕ್ಕು ಬಿಡುವುದಿಲ್ಲ. ಮೊನ್ನೆ ಹೀಗೇ ಒಂದು ಸತ್ತಿತು, ತುಂಬಾ ಸಂಕಟವಾಯಿತು.

ಇನ್ನೊಂದು ಚಿಂತೆ ಔಷಧಿಯದು. ಇವುಗಳ ಮುಖ್ಯ ಊಟವೇ ಇರುವೆ. ನಾವೋ ಇರುವೆ ಕಂಡಲ್ಲೆಲ್ಲ ಪುಡಿ ಹಾಕುತ್ತೇವೆ! ನಾನಂತೂ ನಿಲ್ಲಿಸಿದ್ದೇನೆ. ಆದರೆ ಮರ ಹತ್ತಿ ಅಡಿಕೆ ಕೊನೆ (ಗೊಂಚಲು) ತೆಗೆಯುವವರಿಗೆ ಇರುವೆ ಕಾಟ ಜಾಸ್ತಿ, ಅವರ ಮಾತೂ ಸರಿ ಅಲ್ವಾ? ವಿಷ ಹಾಕದೆ ನಿಭಾಯಿಸುವ ದಾರಿ ಗೊತ್ತಿದ್ದವರು ದಯವಿಟ್ಟು ಹೇಳಿ.

ಹೆಣ್ಣು ಓತಿ ನೆಲಕ್ಕಿಳಿದು ಮಣ್ಣಿನಲ್ಲಿ ಮೊಟ್ಟೆ ಇಡುತ್ತದೆ. ನಿಮ್ಮಲ್ಲಿ ಯಾವ ತಿಂಗಳಲ್ಲಿ ನೋಡಿದ್ದೀರಿ? ಆ ಹೊತ್ತಿಗೆ ತೋಟದ ಮಣ್ಣು ಅಗೆಯುವ ಕೆಲಸ ಮುಂದೆ ಹಾಕುತ್ತೇನೆ. ಖಾಲಿಯಾದ ಜಾಗದ ಬೇಲಿಗುಂಟ ಬೇಗ ಬೆಳೆಯುವ ಕಾಡುಮರ ಯಾವುದು ನೆಡಬಹುದು? ಸರೀಸೃಪಗಳ ಬಗ್ಗೆ ಓದಿದವರು ಯಾರಾದರೂ ಒಮ್ಮೆ ತೋಟಕ್ಕೆ ಬಂದು ನೋಡಿದರೆ ದೊಡ್ಡ ಉಪಕಾರ. ಊಟ, ವಸತಿ ನಮ್ಮ ಮನೆಯಲ್ಲೇ.