ಪದಚರ್ಚೆ: ಗಾಡಿ ಅದುರುವುದು, ಕುಲುಕುವುದು, ಎತ್ತಿಹಾಕುವುದು ಬೇರೆ ಬೇರೆ ತಾನೆ?

ಎಲ್ಲರಿಗೂ ನಮಸ್ಕಾರ.

ನನ್ನ ಪ್ರಶ್ನೆ ಮೂರು ಕ್ರಿಯಾಪದಗಳದ್ದು: ಅದುರು, ಕುಲುಕು, ಎತ್ತಿಹಾಕು. ಗಾಡಿಯ ವಿಷಯಕ್ಕೆ ಬಂದಾಗ ನಿಮ್ಮ ಕಡೆ ಇವುಗಳನ್ನು ಹೇಗೆ ಬಳಸುತ್ತೀರಿ? ಪ್ರಶ್ನೆ ಹುಟ್ಟಿದ್ದು ಚಳಿಗಾಲದ ಟೈರಿನಿಂದ. ಹಾಗಾಗಿ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ನಾನಿರುವುದು ಕೆನಡಾದ ಮಾಂಟ್ರಿಯಲ್‌ನಲ್ಲಿ. ಇಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರ್ ಹಾಕಲೇಬೇಕು. ಅದು ಕಾನೂನು. ಕಳೆದ ನವೆಂಬರಿನಲ್ಲಿ ರಿಮ್ ಸಮೇತ ಒಂದು ಹಳೆಯ ಸೆಟ್ ಕೊಂಡು, ಗ್ಯಾರೇಜೊಂದರಲ್ಲಿ ಹಾಕಿಸಿದೆ. ಅವತ್ತಿನಿಂದ ಕಾರಿನಲ್ಲಿ ಕೂತರೆ ನೆಮ್ಮದಿಯೇ ಇಲ್ಲ. ಊರೊಳಗೆ ಒಂದು ಥರ ಕಷ್ಟ, ಹೆದ್ದಾರಿಯಲ್ಲಿ ಇನ್ನೊಂದು ಥರ. ವಾಪಸ್ ಹೋಗಿ "ವೈಬ್ರೇಷನ್ ಬರುತ್ತಿದೆ" ಎಂದೆ. ಚಳಿಗಾಲದ ಟೈರ್ ಅಂದರೆ ಹಾಗೇ, ಸ್ವಲ್ಪ ದಿನ ಓಡಿಸಿ, ಅಭ್ಯಾಸ ಆಗುತ್ತೆ ಅಂತ ಹೇಳಿ ಕಳಿಸಿದರು.

ಆ ಭಾನುವಾರ ಅಪ್ಪನಿಗೆ ಫೋನ್ ಮಾಡಿದಾಗ ಮಾತು ಇದರ ಕಡೆ ಹೊರಳಿತು. ಅಪ್ಪ ಹಾಸನದವರು. ಮೂವತ್ತು ವರ್ಷ ಲಾರಿ ಓಡಿಸಿದವರು, ಅದೂ ಜಾಸ್ತಿ ಶಿರಾಡಿ ಘಾಟಿಯಲ್ಲಿ. ನಾನು ಅವರಿಗೂ "ವೈಬ್ರೇಷನ್" ಅಂತಲೇ ಹೇಳಿದೆ. ಅವರಿಗೆ ಅದು ಸಾಲಲಿಲ್ಲ.

"ಅದುರುತ್ತೇನಮ್ಮ, ಕುಲುಕುತ್ತಾ, ಇಲ್ಲಾ ಎತ್ತಿ ಎತ್ತಿ ಹಾಕುತ್ತಾ?"

ನಾನು ಸುಮ್ಮನಾದೆ. ಮೂರೂ ನನಗೆ ಗೊತ್ತಿರುವ ಪದಗಳೇ. ಆದರೆ ಒಂದೊಂದಕ್ಕೂ ಒಂದೊಂದು ಜಾಗ ಇದೆ ಅಂತ ಯೋಚಿಸಿರಲಿಲ್ಲ. ಅಪ್ಪ ಬಿಡಿಸಿ ಕೇಳಿದರು. ಗುಂಡಿ, ಉಬ್ಬು ಬಂದಾಗ ಮಾತ್ರ ಸೀಟಿನಿಂದ ಮೇಲಕ್ಕೆಸೆದ ಹಾಗೆ ಆಗುತ್ತಾ? ಹಾಗಾದರೆ ಅದು ಎತ್ತಿಹಾಕುವುದು. ರಸ್ತೆ ನುಣ್ಣಗಿದ್ದರೂ, ಒಂದು ಸ್ಪೀಡ್ ದಾಟಿದ ಮೇಲೆ ಸ್ಟೇರಿಂಗ್ ಹಿಡಿದ ಕೈಗೆ ಜುಮ್ಮೆನ್ನುತ್ತಾ? ಅದು ಅದುರುವುದು. ಒಂದು ಉಬ್ಬು ದಾಟಿದ ಮೇಲೂ ಗಾಡಿ ನಿಲ್ಲದೆ ಎರಡು ಮೂರು ಸಲ ಮೇಲೆ ಕೆಳಗೆ ಆಡುತ್ತಾ? ಅದು ಕುಲುಕುವುದು.

ಅಂದರೆ ನನಗೆ ಇದ್ದದ್ದು ಒಂದು ತೊಂದರೆ ಅಲ್ಲ, ಎರಡು. ಊರೊಳಗೆ ಎತ್ತಿಹಾಕುತ್ತಿತ್ತು. ಹೆದ್ದಾರಿಯಲ್ಲಿ ಗಂಟೆಗೆ 90 ಕಿಲೋಮೀಟರ್ ದಾಟಿದರೆ ಅದುರುತ್ತಿತ್ತು. ಎರಡನ್ನೂ ಒಂದೇ ಪದದಲ್ಲಿ ಕಟ್ಟಿ ಗ್ಯಾರೇಜಿನವರ ಮುಂದೆ ಇಟ್ಟಿದ್ದೆ.

ಎತ್ತಿಹಾಕುವುದಕ್ಕೆ ಕಾರಣ ಸುಲಭವಾಗಿ ಸಿಕ್ಕಿತು: ಗಾಳಿ ಜಾಸ್ತಿ. ಡ್ರೈವರ್ ಬಾಗಿಲು ತೆಗೆದರೆ ಕಾಣುವ ಚೀಟಿಯಲ್ಲಿ 33 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಂತಿದೆ. ಅಳೆದರೆ ನಾಲ್ಕರಲ್ಲೂ 44 ಇತ್ತು! ಟೈರಿನ ಪಕ್ಕದಲ್ಲಿ 51 ಅಂತ ಅಚ್ಚಾಗಿದೆ, ಆದರೆ ಅದು ಟೈರ್ ತಡೆಯುವ ಗರಿಷ್ಠ ಗಾಳಿ, ಹಾಕಬೇಕಾದ ಗಾಳಿ ಅಲ್ಲ. ಗಾಳಿ ಬಿಗಿಯಾದರೆ ಟೈರ್ ಗುಂಡಿಯನ್ನು ನುಂಗುವುದಿಲ್ಲ, ಹಾಗೇ ಸೀಟಿಗೆ ದಾಟಿಸುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ 33ಕ್ಕೆ ಇಳಿಸಿದೆ. ಎತ್ತಿಹಾಕುವುದು ಅವತ್ತೇ ನಿಂತಿತು. ಇಲ್ಲಿರುವವರಿಗೆ ಒಂದು ಮಾತು: ಚಳಿ ಸುಮಾರು 5 ಅಥವಾ 6 ಡಿಗ್ರಿ ಹೆಚ್ಚಿದ ಹಾಗೆಲ್ಲ ಒಂದು ಪಿಎಸ್‌ಐ ಇಳಿಯುತ್ತದೆ. ಬೆಚ್ಚಗಿನ ಗ್ಯಾರೇಜಿನೊಳಗೆ ಹೊಡೆಸಿದ ಗಾಳಿಯನ್ನು ಹೊರಗೆ ಬಂದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಅದುರುವುದು ಮಾತ್ರ ಹಾಗೇ ಉಳಿಯಿತು. "ಅದುರಿದರೆ ಚಕ್ರ ನೋಡಿಸು, ಟೈರನ್ನಲ್ಲ" ಅಂದರು ಅಪ್ಪ. ಈ ಸಲ ಬೇರೆ ಗ್ಯಾರೇಜಿಗೆ ಹೋದೆ. ನಿಂತಿರುವಾಗ ಇಲ್ಲ, 90 ದಾಟಿದರೆ ಇದೆ, ಸೀಟಿಗಿಂತ ಸ್ಟೇರಿಂಗಿನಲ್ಲಿ ಜಾಸ್ತಿ ಅಂತ ಬಿಡಿಸಿ ಹೇಳಿದೆ. ಮೆಕ್ಯಾನಿಕ್ ನೇರವಾಗಿ ಮುಂದಿನ ಚಕ್ರ ಬಿಚ್ಚಿದ. ಚಕ್ರ ಕೂರಿಸುವ ನಡುಭಾಗ, ಅಂದರೆ ಹಬ್, ಅದರ ಮೇಲೆ ತುಕ್ಕು ಹಪ್ಪಳದ ಹಾಗೆ ಎದ್ದಿತ್ತು, ರಿಮ್ ಅದರ ಮೇಲೆ ಸರಿಯಾಗಿ ಕೂತಿರಲಿಲ್ಲ. ಜೊತೆಗೆ ನಾನು ಕೊಂಡ ರಿಮ್ಮಿನ ನಡುವಿನ ತೂತು ನನ್ನ ಕಾರಿನ ಹಬ್ಬಿಗಿಂತ ದೊಡ್ಡದು. ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ತೂತಿನ ಸಂದಿಗೆ ಪ್ಲಾಸ್ಟಿಕ್ ಬಳೆ ಕೂರಿಸಿ, ನಾಲ್ಕೂ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿದ. ನೂರು ಕಿಲೋಮೀಟರ್ ಓಡಿಸಿದ ಮೇಲೆ ಬಂದು ನಟ್ಟುಗಳ ಬಿಗಿ ನೋಡಿಸಿ ಅಂತಲೂ ಹೇಳಿದ. ಈಗ ಕಾರು ಅದುರುವುದಿಲ್ಲ. ಟೈರ್ ಗುಂಯ್ ಅನ್ನುತ್ತದೆ, ಅಷ್ಟೇ. ಇದರ ರಬ್ಬರ್ ಮೆತ್ತಗೆ, ಪಟ್ಟಿಗಳು ಆಳ, ಮೈ ತುಂಬ ಸಣ್ಣ ಸಣ್ಣ ಸೀಳು. ಆ ಸದ್ದು ಅದರ ಗುಣ.

ಈಗ ಪದಗಳ ವಿಷಯ.

ಅಪ್ಪನ ವಿಂಗಡಣೆಯಲ್ಲಿ ನನಗೆ ಇಷ್ಟವಾದದ್ದು ಅದು ವೇಗದ ಲೆಕ್ಕಕ್ಕೆ ಸರಿಯಾಗಿ ಕೂರುವುದು. ಕಾರಿನ ಟೈರ್ ಒಂದು ಸುತ್ತಿಗೆ ಸುಮಾರು ಎರಡು ಮೀಟರ್ ಹೋಗುತ್ತದೆ. ಗಂಟೆಗೆ ನೂರು ಕಿಲೋಮೀಟರ್ ಅಂದರೆ ಸೆಕೆಂಡಿಗೆ ಹದಿನಾಲ್ಕು ಸುತ್ತು. ಚಕ್ರದ ಒಂದು ಪಕ್ಕ ಭಾರ ಜಾಸ್ತಿಯಿದ್ದರೆ ಸೆಕೆಂಡಿಗೆ ಹದಿನಾಲ್ಕು ಸಲ ಒದೆಯುತ್ತದೆ. ಸಣ್ಣದು, ಬೇಗ ಬೇಗ. ಕನ್ನಡದಲ್ಲಿ ಅದುರುವ ವಸ್ತುಗಳನ್ನೇ ನೋಡಿ: ತುಟಿ ಅದುರುತ್ತದೆ, ಕಣ್ಣಿನ ರೆಪ್ಪೆ ಅದುರುತ್ತದೆ. ಎಲ್ಲವೂ ಸಣ್ಣ ಅಳತೆಯ, ಬೇಗದ ಆಟ. ಕುಲುಕುವುದು ನಿಧಾನ, ಅಳತೆ ದೊಡ್ಡದು. ಔಷಧಿ ಸೀಸೆ ಕುಲುಕುತ್ತೇವೆ, ಕೈ ಕುಲುಕುತ್ತೇವೆ. ಶಾಕ್ ಅಬ್ಸಾರ್ಬರ್ ಸೋತ ಗಾಡಿಯೂ ಸೆಕೆಂಡಿಗೆ ಒಂದೆರಡು ಸಲವೇ ಮೇಲೆ ಕೆಳಗೆ ಆಡುವುದು. ಎತ್ತಿಹಾಕುವುದರಲ್ಲಿ ಲಯವೇ ಇಲ್ಲ. ರಸ್ತೆ ಕೊಟ್ಟಾಗ ಒಂದೊಂದು ಏಟು. ಹಳೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆಲ್ಲ ಗೊತ್ತು, ಅಲ್ವಾ?

ನಡುಗು ಅನ್ನುವುದನ್ನು ಅಪ್ಪ ಗಾಡಿಗೆ ಬಳಸಲೇ ಇಲ್ಲ. ಕೇಳಿದರೆ, "ನಡುಗೋದು ಮನುಷ್ಯರು. ಚಳಿಗೆ, ಹೆದರಿಕೆಗೆ" ಅಂದರು. ಆದರೆ ಭೂಮಿ ನಡುಗಿತು ಅಂತಲೂ ಹೇಳುತ್ತೇವೆ. ಹಾಗಾಗಿ ಇದು ಅಪ್ಪನ ಒಬ್ಬರ ಅಭ್ಯಾಸವೋ, ಹಾಸನ ಕಡೆಯ ಡ್ರೈವರುಗಳೆಲ್ಲ ಹೀಗೇ ಬಿಡಿಸುತ್ತಾರೋ ಅನ್ನುವುದು ನನ್ನ ಮೊದಲ ಪ್ರಶ್ನೆ. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ದಯವಿಟ್ಟು ನಿಮ್ಮ ಮೆಕ್ಯಾನಿಕ್‌ಗಳ ಬಾಯಿಂದ ಕೇಳಿದ್ದನ್ನೇ ಬರೆಯಿರಿ. ನಿಘಂಟಿನ ಅರ್ಥ ನನ್ನ ಹತ್ತಿರವೂ ಇದೆ.

ಎರಡನೆಯದು ನಾಮಪದ. ನಡುಗು ಅನ್ನುವುದಕ್ಕೆ ನಡುಕ ಇದೆ. ಕುಲುಕು ಅನ್ನುವುದಕ್ಕೆ ಕುಲುಕಾಟ ಇದೆ. ಅದುರು ಅನ್ನುವುದಕ್ಕೆ? ಅದುರುವಿಕೆ ಬಾಯಲ್ಲಿ ಆಡುವ ಪದ ಅಲ್ಲ. ಬರೀ ಅದುರು ಅಂದರೆ ಓದುವವರು ಬಳ್ಳಾರಿಯ ಕಬ್ಬಿಣದ ಅದಿರಿಗೆ ಹೋಗುತ್ತಾರೆ. ಎಷ್ಟೋ ಪುಸ್ತಕಗಳಲ್ಲಿ ಆ ಅದಿರನ್ನೂ ಅದುರು ಅಂತಲೇ ಬರೆದಿರುತ್ತದೆ. ಕಂಪನ ಇದೆ ನಿಜ, ಆದರೆ ಅದು ಪಾಠಪುಸ್ತಕದ ಪದ. ಮತ್ತೆ ಅದುರು, ಕುಲುಕು ಎರಡನ್ನೂ ಅದು ಒಂದೇ ಮಾಡಿಬಿಡುತ್ತದೆ. ಬಿಡಿಸಲೇಬೇಕಾದ ಕಡೆ ಅದು ನೆರವಾಗುವುದಿಲ್ಲ. ತಮಿಳಿನವರಿಗೆ ಅದಿರ್ ಅನ್ನುವುದರಿಂದ ಅದಿರ್ವು ಸಿಕ್ಕಿದೆ, ದಿನವೂ ಬಳಸುತ್ತಾರೆ. ನಮ್ಮಲ್ಲಿ ಅದುರಾಟ ಅಂದರೆ ಕಿವಿಗೆ ಹೇಗೆ ಕೇಳುತ್ತದೆ? ನನಗೆ ಒಪ್ಪಿಗೆ. ಕುಲುಕಾಟದ ಜೊತೆಗೆ ಚೆನ್ನಾಗಿ ಕೂರುತ್ತದೆ.

ತಮಿಳಿನ ಮಾತು ಬಂದಿದ್ದಕ್ಕೆ ಇನ್ನೊಂದು. ಅವರು ತಾನೇ ಅಲುಗುವುದಕ್ಕೆ ಕುಲುಂಗು, ಇನ್ನೊಂದನ್ನು ಅಲುಗಿಸುವುದಕ್ಕೆ ಕುಲುಕ್ಕು ಅಂತ ಬಿಡಿಸುತ್ತಾರೆ. ನಾವು ಎರಡಕ್ಕೂ ಕುಲುಕು ಅನ್ನುತ್ತೇವೆ. ಬಸ್ಸು ಕುಲುಕುತ್ತದೆ ಅಂದರೆ ಬಸ್ಸು ತಾನೇ ಆಡುತ್ತಿದೆ ಅಂತಲೂ ಆಯಿತು, ನಮ್ಮನ್ನು ಆಡಿಸುತ್ತಿದೆ ಅಂತಲೂ ಆಯಿತು. ನಿಮ್ಮ ಕಡೆ ಇದನ್ನು ಬಿಡಿಸುವ ರೂಪ ಏನಾದರೂ ಇದೆಯಾ?

ಮೂರನೆಯದು ಬ್ಯಾಲೆನ್ಸ್. ಚಕ್ರದ ಒಂದು ಕಡೆ ಭಾರವಾದರೆ ಅಪ್ಪ ಕೂಡ ಬ್ಯಾಲೆನ್ಸ್ ಹೋಗಿದೆ ಅಂತಲೇ ಹೇಳುವುದು. ಆದರೆ ಮನುಷ್ಯ ಹಾಗಾದರೆ "ಜೋಲಿ ತಪ್ಪಿದ" ಅನ್ನುತ್ತಾರೆ. ಚಕ್ರಕ್ಕೂ ಜೋಲಿ ತಪ್ಪಿದೆ ಅನ್ನಬಹುದಾ? ಇಲ್ಲಿನ ಚಳಿಯಲ್ಲಿ ಇದು ಬೇಕಾಗುವ ಪದ. ಹಿಮ ಬಿದ್ದ ದಿನ ರಿಮ್ಮಿನ ಒಳಮೈಗೆ ಹಿಮ ಮೆತ್ತಿ ಗಟ್ಟಿಯಾದರೂ ಚಕ್ರ ಇದೇ ಥರ ಅದುರುತ್ತದೆ. ತೊಳೆದರೆ ಸರಿ, ಗ್ಯಾರೇಜಿಗೆ ಹೋಗಬೇಕಿಲ್ಲ.

ಕೊನೆಯದು ನನಗೆ ತುಂಬ ಹಿಡಿಸಿದ ಬಳಕೆ. ಚಳಿ ಜೋರಾದ ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರ್ ಕಾರು ದಡ ದಡ ಅನ್ನುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ರಾತ್ರಿಯೆಲ್ಲ ನಿಂತ ಟೈರ್ ನೆಲಕ್ಕೆ ತಾಗಿದ ಕಡೆ ಚಪ್ಪಟೆಯಾಗಿ ಗಡುಸಾಗಿರುತ್ತದೆ, ಓಡಿ ಬಿಸಿಯಾದರೆ ಮತ್ತೆ ದುಂಡಗಾಗುತ್ತದೆ. ಹಿಮವನ್ನೇ ಕಾಣದ ಅಪ್ಪನಿಗೆ ಇದು ತಟ್ಟನೆ ಅರ್ಥವಾಯಿತು. ಹಿಂದೆ ನೈಲಾನ್ ಟೈರಿನ ಲಾರಿಯನ್ನು ಲೋಡ್ ಸಮೇತ ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಹೀಗೇ ಆಗುತ್ತಿತ್ತಂತೆ. ಅದಕ್ಕೆ ಅವರು ಹೇಳುವುದು "ಟೈರ್ ಕೂತಿದೆ" ಅಂತ. ಕೂತ ಟೈರ್ ಏಳುವವರೆಗೆ ನಿಧಾನ ಓಡಿಸಬೇಕಂತೆ. ಈ ಅರ್ಥದಲ್ಲಿ ಕೂರು, ಏಳು ಬೇರೆ ಯಾರಾದರೂ ಕೇಳಿದ್ದೀರಾ?

ಊರಿಂದ ಹೊಸದಾಗಿ ಇಲ್ಲಿಗೆ ಬರುವವರಿಗೆ ಅಂತ ಮೊದಲ ಚಳಿಗಾಲದ ಕಾರಿನ ಬಗ್ಗೆ ಎರಡು ಪುಟ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಡಿಸೆಂಬರ್ 1ರೊಳಗೆ ಅವರ ಕೈಗೆ ಕೊಡಬೇಕು. ಅದಕ್ಕಾಗಿಯೇ ಇಷ್ಟು ಕೇಳುತ್ತಿರುವುದು. ಅದರಲ್ಲಿ ಹಿಮದ ಟೈರ್ ಅಂತ ಬರೆಯುವುದಿಲ್ಲ. ಹಿಮ ಬೀಳದಿದ್ದರೂ ಸುಮಾರು 7 ಡಿಗ್ರಿಗಿಂತ ಕೆಳಗೆ ಇಳಿದರೆ ಮಾಮೂಲಿ ಟೈರಿನ ರಬ್ಬರ್ ಗಡುಸಾಗಿ ಹಿಡಿತ ಕಡಿಮೆಯಾಗುತ್ತದೆ. ಹಿಮದ ಟೈರ್ ಅಂದರೆ ಜನ ಹಿಮ ಬೀಳುವವರೆಗೂ ಕಾಯುತ್ತಾರೆ. ಚಳಿ ಟೈರ್ ಅಂದರೆ ಸಾಕಾ, ಚಳಿಗಾಲದ ಟೈರ್ ಅಂತಲೇ ಉದ್ದಕ್ಕೆ ಬರೆಯಲಾ? ಇದನ್ನೂ ಹೇಳಿ.